ಅಹಮದ್ ಖಾನ್: ಬರಿಗಾಲ ಫುಟ್‌ಬಾಲಿನ ಮೈಸೂರು ತಲೆಮಾರು

ಅಹಮದ್ ಖಾನ್ (1926–2017): ಭಾರತದ ಫುಟ್‌ಬಾಲ್ ಆಟಗಾರ. 1926ರ ಡಿಸೆಂಬರ್ 24ರಂದು ಬೆಂಗಳೂರಿನಲ್ಲಿ ಹುಟ್ಟಿ, 2017ರ ಆಗಸ್ಟ್ 27ರಂದು ತೀರಿಕೊಂಡರು. 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗಳಲ್ಲಿ ಭಾರತದ ಪರ ಆಡಿದರು. 1951ರಲ್ಲಿ ದಿಲ್ಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. 1949ರಿಂದ 1959ರವರೆಗೆ ಕಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನ ಮುನ್ಪಡೆಯಲ್ಲಿ ಎಡ ಒಳಬದಿಯ ಆಟಗಾರರಾಗಿದ್ದರು. ಅಂದಿನ ಭಾಷೆಯಲ್ಲಿ ಹೇಳುವುದಾದರೆ ‘ಇನ್‌ಸೈಡ್ ಲೆಫ್ಟ್’. ಬೂಟು ತೊಡದೆ, ಕಣಕಾಲಿಗೆ ಬಟ್ಟೆಪಟ್ಟಿ ಸುತ್ತಿಕೊಂಡು ಆಡಿದ ಭಾರತೀಯ ಆಟಗಾರರ ಕೊನೆಯ ದೊಡ್ಡ ತಲೆಮಾರಿಗೆ ಸೇರಿದವರು. ಕಲ್ಕತ್ತದಲ್ಲಿ ಇಂದಿಗೂ ಅವರ ಹೆಸರು ಹಿರಿಯರ ಬಾಯಲ್ಲಿದೆ. ಕರ್ನಾಟಕದಲ್ಲಿ ಆ ಹೆಸರು ಹೇಳಿದರೆ ಯಾರೆಂದು ಕೇಳುವವರೇ ಹೆಚ್ಚು. ಅವರ ಬಾಳನ್ನು ಬರೆಯುವವರು ಈ ವ್ಯತ್ಯಾಸದಿಂದಲೇ ಶುರುಮಾಡಬೇಕಾಗುತ್ತದೆ.

ದಂಡಿನ ಆಟ

ಮೈಸೂರು ಸಂಸ್ಥಾನದಲ್ಲಿ ಫುಟ್‌ಬಾಲ್ ಬೇರೂರಿದ್ದು ಎರಡು ಕಡೆ: ಬೆಂಗಳೂರಿನ ದಂಡಿನಲ್ಲಿ ಮತ್ತು ಕೋಲಾರದ ಚಿನ್ನದ ಗಣಿಯಲ್ಲಿ. ಎರಡೂ ಕಡೆ ಬ್ರಿಟಿಷರಿದ್ದರು, ಬಯಲಿತ್ತು, ಸಂಜೆ ಆಡಲು ಬಿಡುವಿದ್ದ ಸಿಪಾಯಿಗಳೂ ಕೆಲಸಗಾರರೂ ಇದ್ದರು. ಪೇಟೆಯ ಕಡೆ ಗರಡಿ ಮನೆ, ಹಳ್ಳಿಗಳಲ್ಲಿ ಕಬಡ್ಡಿ, ಕಾಲೇಜುಗಳಲ್ಲಿ ಕ್ರಿಕೆಟ್ ಮತ್ತು ಹಾಕಿ. ಫುಟ್‌ಬಾಲ್ ಮಾತ್ರ ಶಿವಾಜಿನಗರ, ಹಲಸೂರು, ಗೌತಮಪುರ, ಆಸ್ಟಿನ್ ಟೌನ್ ಕಡೆಯ ಗಲ್ಲಿಗಳ ಆಟ. ಅಲ್ಲಿ ಉರ್ದು, ತಮಿಳು, ಕನ್ನಡ, ಇಂಗ್ಲಿಷ್ ಬೆರೆತ ಮಾತು, ಪಟಾಲಮ್ಮಿಗೆ ಊಟವೋ ಬಟ್ಟೆಯೋ ಒದಗಿಸುತ್ತಿದ್ದ ಮನೆಗಳು. ರೆಜಿಮೆಂಟಿನವರ ಪಂದ್ಯ ನೋಡುತ್ತ ನೋಡುತ್ತ ಅವರ ಎದುರಿಗೇ ನಿಂತು ಆಡಲು ಕಲಿತ ಹುಡುಗರು ಬೆಳೆದದ್ದು ಇಂಥ ಮನೆಗಳಲ್ಲಿ.

ಬೆಂಗಳೂರಿಗೆ ಎಪ್ಪತ್ತು ಕಿಲೋಮೀಟರ್ ದೂರದ ತುಮಕೂರಿಗೆ 1884ರಲ್ಲೇ ರೈಲು ಬಂದಿತ್ತು. ಆದರೂ ಈ ಆಟ ಆ ಹಳಿಯ ಮೇಲೆ ಹತ್ತಿ ದೂರ ಹೋಗಲಿಲ್ಲ. ಟಿಪ್ಪು ಕಾಲದಿಂದ ಕುದುರೆ ಫಾರಂ ಇದ್ದ ಕುಣಿಗಲ್ಲಿಗೆ ಸೈನ್ಯದ ನಂಟು ಕುದುರೆಗಳ ಮೂಲಕ ಬಂತು, ಚೆಂಡಿನ ಮೂಲಕವಲ್ಲ. ಗುಬ್ಬಿಯಲ್ಲಿ ಅದೇ 1884ರಲ್ಲಿ ಹುಟ್ಟಿದ್ದು ಚನ್ನಬಸವೇಶ್ವರ ನಾಟಕ ಕಂಪನಿ. ಸಂಜೆ ಜನ ದುಡ್ಡು ಕೊಟ್ಟು ಹೋಗಿ ಕೂರುತ್ತಿದ್ದದ್ದು ನಾಟಕದ ಟೆಂಟಿನಲ್ಲಿ. ತುಮಕೂರು ಸೀಮೆಯ ಓದುಗರಿಗೆ ಅಹಮದ್ ಖಾನರ ಕಲ್ಕತ್ತದ ವೃತ್ತಿಬದುಕನ್ನು ವಿವರಿಸಲು ಗುಬ್ಬಿ ಕಂಪನಿಗಿಂತ ಹತ್ತಿರದ ಹೋಲಿಕೆ ಸಿಗಲಾರದು. ಗುಬ್ಬಿ ವೀರಣ್ಣನವರು ಊರೂರಿನಿಂದ ಒಳ್ಳೆಯ ನಟರನ್ನು ಹುಡುಕಿ ತಂದು, ಸಂಬಳ ಕೊಟ್ಟು, ಕಂಪನಿಯ ಸೂರಿನಡಿ ಇಟ್ಟುಕೊಂಡಂತೆ, ಕಲ್ಕತ್ತದ ಕ್ಲಬ್ಬುಗಳು ದಕ್ಷಿಣದ ಊರುಗಳಿಂದ ಕಾಲ್ಚಳಕ ಇದ್ದವರನ್ನು ಕರೆದೊಯ್ದವು. ನಟರಿಗೆ ಮೈಸೂರು ಸೀಮೆಯಲ್ಲೇ ಅಂಥ ಕಂಪನಿ ಇತ್ತು. ಫುಟ್‌ಬಾಲ್ ಆಟಗಾರರು ಅದಕ್ಕಾಗಿ ಹೌರಾಕ್ಕೆ ರೈಲು ಹತ್ತಬೇಕಿತ್ತು.

ಅಹಮದ್ ಖಾನ್ ಹುಟ್ಟಿದ್ದೇ ಚೆಂಡಾಟದ ಮನೆಯಲ್ಲಿ. ತಂದೆ ಆಟಗಾರರು, ಸಹೋದರರೂ ಮೈದಾನಕ್ಕೆ ಇಳಿದವರು. ಮೊದಲು ಬೆಂಗಳೂರಿನ ಕ್ರೆಸೆಂಟ್ಸ್ ತಂಡದಲ್ಲಿ ಆಡಿ, ಆಮೇಲೆ ಬೆಂಗಳೂರು ಮುಸ್ಲಿಮ್ಸ್ ಸೇರಿದರು. ಈ ಎರಡನೆಯ ತಂಡದ ಬಗ್ಗೆ ಒಂದು ಮಾತು ಹೇಳಲೇಬೇಕು. ಬೊಂಬಾಯಿಯ ರೋವರ್ಸ್ ಕಪ್ 1891ರಲ್ಲಿ ಶುರುವಾದ ಪಂದ್ಯಾವಳಿ. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಅದು ಬ್ರಿಟಿಷ್ ರೆಜಿಮೆಂಟುಗಳ ಸ್ವತ್ತಾಗಿತ್ತು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷ ಮತ್ತೆ ಗೆದ್ದರು. 1948ರಲ್ಲಿ ಕಲ್ಕತ್ತದ ಮೋಹನ್ ಬಗಾನ್ ತಂಡವನ್ನು ಸೋಲಿಸಿ ಇನ್ನೊಮ್ಮೆ ಕಪ್ ತಂದರು. 1911ರಲ್ಲಿ ಮೋಹನ್ ಬಗಾನ್ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು ಸೋಲಿಸಿ ಐ.ಎಫ್.ಎ. ಶೀಲ್ಡ್ ಗೆದ್ದ ಕತೆ ಶಾಲೆಯ ಪಾಠಗಳಲ್ಲಿದೆ. ದಂಡಿನ ಹುಡುಗರ 1937ರ ಗೆಲುವು ನಮ್ಮ ಪಾಠಗಳಲ್ಲಿ ಇಲ್ಲ. ಅಹಮದ್ ಖಾನ್ ಹತ್ತು ವರ್ಷದ ಹುಡುಗನಾಗಿದ್ದಾಗ ನಡೆದ ಘಟನೆ ಅದು. ಅವರು ಆಟ ಕಲಿತದ್ದು ಗೆಲ್ಲುವ ಅಭ್ಯಾಸವಿದ್ದ ಊರಿನಲ್ಲಿ ಎಂಬುದು ಇದರಿಂದ ತಿಳಿಯುತ್ತದೆ.

1941ರಲ್ಲಿ ಆರಂಭವಾದ ರಾಷ್ಟ್ರೀಯ ಚಾಂಪಿಯನ್‌ಷಿಪ್, ಅಂದರೆ ಸಂತೋಷ್ ಟ್ರೋಫಿಯಲ್ಲೂ ಮೈಸೂರು ಬಂಗಾಳಕ್ಕೆ ಸರಿಸಾಟಿಯಾಗಿ ನಿಂತಿತು. 1946–47ರಲ್ಲಿ, ಮತ್ತೆ 1952–53ರಲ್ಲಿ ಬಂಗಾಳವನ್ನೇ ಸೋಲಿಸಿ ಟ್ರೋಫಿ ಗೆದ್ದಿತು.

ಲಂಡನ್, 1948

ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಪಂದ್ಯ ನಡೆದದ್ದು 1948ರ ಜುಲೈ 31ರಂದು, ಪೂರ್ವ ಲಂಡನ್ನಿನ ಇಲ್‌ಫರ್ಡ್‌ನಲ್ಲಿ, ಫ್ರಾನ್ಸ್ ವಿರುದ್ಧ. ನಾಯಕ ನಾಗಾ ಬೆಟ್ಟಗಳ ವೈದ್ಯಕೀಯ ವಿದ್ಯಾರ್ಥಿ ತಾಲಿಮೆರೆನ್ ಆವ್. ತಂಡದಲ್ಲಿ ಮೈಸೂರಿನ ಪಾಲು ದೊಡ್ಡದಿತ್ತು: ಅಹಮದ್ ಖಾನ್, ಸಾರಂಗಪಾಣಿ ರಾಮನ್, ಎಸ್.ಎ. ಬಷೀರ್, ಗೋಲ್‌ಕೀಪರ್ ಕೆ.ವಿ. ವರದರಾಜ್. ಇಳಿದ ಹನ್ನೊಂದು ಮಂದಿಯಲ್ಲಿ ಹೆಚ್ಚಿನವರು ಬರಿಗಾಲಲ್ಲಿದ್ದರು. ಬೂಟು ತಂದಿರಲಿಲ್ಲವೆಂದಲ್ಲ, ಕಾಲಿಗೆ ಒಗ್ಗಿರಲಿಲ್ಲ.

ಫ್ರಾನ್ಸ್ 30ನೇ ನಿಮಿಷದಲ್ಲಿ ಮುಂದಾಯಿತು. 70ನೇ ನಿಮಿಷದಲ್ಲಿ ರಾಮನ್ ಸಮಗೊಳಿಸಿದರು. ಒಲಿಂಪಿಕ್ ಫುಟ್‌ಬಾಲಿನಲ್ಲಿ ಭಾರತದ ಮೊದಲ ಗೋಲು ಹೀಗೆ ಬೆಂಗಳೂರಿಗನ ಕಾಲಿನಿಂದ ಬಂತು. ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕಿದ್ದವು. ಎರಡೂ ಗೋಲಾಗಲಿಲ್ಲ. 89ನೇ ನಿಮಿಷದಲ್ಲಿ ಫ್ರಾನ್ಸ್ ಎರಡನೇ ಗೋಲು ಹೊಡೆದು 2–1ರಿಂದ ಗೆದ್ದಿತು. ಅಂಕಪಟ್ಟಿಯಲ್ಲಿ ಇದು ಸೋಲು. ಆದರೆ ನೋಡಿದವರ ಮನಸ್ಸಿನಲ್ಲಿ ಉಳಿದದ್ದು ಬರಿಗಾಲಿನಿಂದ ಚೆಂಡನ್ನು ಅಂಟಿಸಿಕೊಂಡು ಎದುರಾಳಿಗಳ ನಡುವೆ ಹಾದುಹೋಗುತ್ತಿದ್ದವರ ಆಟ. ಅಹಮದ್ ಖಾನರಿಗೆ ‘ಹಾವಾಡಿಗ’ ಎಂಬ ಬಿರುದು ಅಂಟಿಕೊಂಡದ್ದು ಈ ಬಗೆಯ ಆಟದಿಂದಲೇ. ಪೂರ್ವದೇಶದವರನ್ನು ಕಂಡರೆ ಹಾವಾಡಿಗರೇ ನೆನಪಾಗುವ ಪಾಶ್ಚಾತ್ಯ ಚಟ ಅದರಲ್ಲಿ ಇಲ್ಲದಿಲ್ಲ. ಆದರೂ ಬಿರುದು ಮೆಚ್ಚುಗೆಯದೇ. ಒಲಿಂಪಿಕ್ಸ್ ಮುಗಿದ ಮೇಲೆ ತಂಡ ಯುರೋಪಿನಲ್ಲಿ ಕೆಲವು ಪಂದ್ಯಗಳನ್ನು ಆಡಿತು. ಆಮ್‌ಸ್ಟರ್‌ಡ್ಯಾಮಿನ ಅಜಾಕ್ಸ್ ಕ್ಲಬ್ಬನ್ನು ಸೋಲಿಸಿದ್ದು ಆ ಪ್ರವಾಸದಲ್ಲೇ.

ಕಲ್ಕತ್ತದ ಹತ್ತು ವರ್ಷ

ಈಸ್ಟ್ ಬೆಂಗಾಲ್ ಕ್ಲಬ್ 1920ರಲ್ಲಿ ಸ್ಥಾಪನೆಯಾದದ್ದು, ಪೂರ್ವ ಬಂಗಾಳದಿಂದ ಬಂದು ಕಲ್ಕತ್ತದಲ್ಲಿ ನೆಲಸಿದವರ ಅಭಿಮಾನದಿಂದ. ದೇಶ ವಿಭಜನೆಯಾದ ಮೇಲೆ ಮನೆಮಠ ಕಳೆದುಕೊಂಡು ಬಂದ ಲಕ್ಷಾಂತರ ನಿರಾಶ್ರಿತರಿಗೆ ಕೆಂಪು–ಚಿನ್ನದ ಆ ಅಂಗಿಯೇ ಊರಿನ ಗುರುತಾಯಿತು. ಕ್ಲಬ್ಬಿನ ಕಾರ್ಯದರ್ಶಿ ಜ್ಯೋತಿಷ್ ಚಂದ್ರ ಗುಹ ಆಟಗಾರರನ್ನು ಗುರುತಿಸುವುದರಲ್ಲಿ ಪಳಗಿದವರು. ಅವರು ಕಟ್ಟಿದ ಮುನ್ಪಡೆಯಲ್ಲಿ ಬಂಗಾಳಿ ಒಬ್ಬರೂ ಇರಲಿಲ್ಲ. ಬಲ ಅಂಚಿನಲ್ಲಿ ವೆಂಕಟೇಶ್, ಬಲ ಒಳಬದಿಯಲ್ಲಿ ಅಪ್ಪಾರಾವ್, ನಡುವೆ ಧನರಾಜ್, ಎಡ ಒಳಬದಿಯಲ್ಲಿ ಅಹಮದ್ ಖಾನ್, ಎಡ ಅಂಚಿನಲ್ಲಿ ಪಿ.ಬಿ.ಎ. ಸಾಲೆ. ಐವರೂ ದಕ್ಷಿಣದವರು. ಕಲ್ಕತ್ತದ ಜನ ಇವರನ್ನು ‘ಪಂಚಪಾಂಡವರು’ ಎಂದು ಕರೆದರು.

ನಿರಾಶ್ರಿತರ ಅಳಲು ಇನ್ನೂ ಹಸಿಯಾಗಿದ್ದ, ಕೋಮು ಗಲಭೆಯ ಗಾಯ ಮಾಯದ ಕಾಲ ಅದು. ಪೂರ್ವ ಬಂಗಾಳದಿಂದ ಹೊರಟು ಬಂದ ಹಿಂದೂ ಕುಟುಂಬಗಳು ಬೆಂಗಳೂರಿನ ಒಬ್ಬ ಮುಸ್ಲಿಂ ತರುಣನನ್ನು, ಕೇರಳದ ಇನ್ನೊಬ್ಬನನ್ನು ಪಾಂಡವರೆಂದು ಹೆಗಲ ಮೇಲೆ ಹೊತ್ತವು. ಕ್ರೀಡೆಯ ಬಗ್ಗೆ ದೊಡ್ಡ ಮಾತುಗಳನ್ನು ಆಡುವವರ ಮೇಲೆ ಈ ಲೇಖಕನಿಗೆ ಅಷ್ಟೇನೂ ನಂಬಿಕೆ ಇಲ್ಲ. ಆದರೆ ಈ ಸಂಗತಿ ನಿಜವಾಗಿ ನಡೆದದ್ದು.

ಕ್ಲಬ್ಬಿನ ಗೆಲುವುಗಳು ಸಾಲುಗಟ್ಟಿದವು. 1949, 1950, 1951ರಲ್ಲಿ ಸತತ ಮೂರು ಬಾರಿ ಐ.ಎಫ್.ಎ. ಶೀಲ್ಡ್. 1949, 1950 ಮತ್ತು 1952ರಲ್ಲಿ ಕಲ್ಕತ್ತ ಲೀಗ್. 1949ರಲ್ಲಿ ರೋವರ್ಸ್ ಕಪ್. 1951 ಮತ್ತು 1952ರಲ್ಲಿ ಡ್ಯುರಾಂಡ್ ಕಪ್, 1956ರಲ್ಲಿ ಇನ್ನೊಮ್ಮೆ. 1951ರ ಶೀಲ್ಡ್ ಫೈನಲ್ ಮೋಹನ್ ಬಗಾನ್ ವಿರುದ್ಧ. ಮೊದಲ ಪಂದ್ಯ ಗೋಲಿಲ್ಲದೆ ಮುಗಿದು, ಮರುಪಂದ್ಯದಲ್ಲಿ ಸಾಲೆ ಎರಡು ಗೋಲು ಹೊಡೆದರು. 1953ರಲ್ಲಿ ಬುಖಾರೆಸ್ಟ್‌ನ ವಿಶ್ವ ಯುವಜನ ಉತ್ಸವಕ್ಕೆ ಹೋದ ತಂಡ ಅಲ್ಲಿಂದ ಸೋವಿಯತ್ ಒಕ್ಕೂಟಕ್ಕೂ ಹೋಗಿ, ಮಾಸ್ಕೋದ ಟಾರ್ಪೆಡೊ ಜತೆ 3–3ರಿಂದ ಸಮ ಮಾಡಿಕೊಂಡಿತು.

ಆಗಿನ ಭಾರತೀಯ ಫುಟ್‌ಬಾಲ್ ಕಾಗದದ ಮೇಲೆ ಹವ್ಯಾಸಿಗಳ ಆಟ. ಹೊರಗಿನಿಂದ ಬಂದವರಿಗೆ ಕ್ಲಬ್ಬಿನ ಮೆಸ್ಸಿನಲ್ಲಿ ಊಟ–ವಸತಿ, ಎಲ್ಲಾದರೂ ಒಂದು ನೌಕರಿ, ಮೇಲೆ ಕೈಖರ್ಚು. ಇದೇ ಕಾಲದಲ್ಲಿ ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಆಟಗಾರರು ಬಹಿರಂಗವಾಗಿ ಕರಾರಿಗೆ ಸಹಿ ಹಾಕಿ ದುಡಿಯುತ್ತಿದ್ದರು. ನಮ್ಮಲ್ಲಿ ಎಲ್ಲವೂ ಬಾಯಿಮಾತಿನಲ್ಲೇ. ಹಾಗಾಗಿ ಒಬ್ಬ ಆಟಗಾರ ಒಂದೇ ಕ್ಲಬ್ಬಿನಲ್ಲಿ ಹತ್ತು ವರ್ಷ ಉಳಿಯುವುದು ಅಪರೂಪವಾಗಿತ್ತು. ಪ್ರತಿ ವರ್ಷ ಕ್ಲಬ್ ಬದಲಾಯಿಸುವ ಹೊತ್ತಿಗೆ ಎದುರಾಳಿಗಳು ಆಟಗಾರರನ್ನು ಎಳೆದೊಯ್ಯಲು ಹವಣಿಸುತ್ತಿದ್ದ ನಗರದಲ್ಲಿ ಅಹಮದ್ ಖಾನ್ ಮಾತ್ರ 1959ರವರೆಗೆ ಅಲ್ಲೇ ಇದ್ದರು. ಉಳಿದ ನಾಲ್ವರು ಒಬ್ಬೊಬ್ಬರಾಗಿ ದೂರ ಸರಿದರೂ ಅವರು ಕದಲಲಿಲ್ಲ.

ಆಟದ ರೀತಿ

ಆಗ ತಂಡಗಳು ಇಬ್ಬರು ಬ್ಯಾಕ್, ಮೂವರು ಹಾಫ್, ಐವರು ಫಾರ್ವರ್ಡ್ ಎಂಬ ಲೆಕ್ಕದಲ್ಲಿ ನಿಲ್ಲುತ್ತಿದ್ದವು. ಈ ವ್ಯೂಹದಲ್ಲಿ ಒಳಬದಿಯವನ ಕೆಲಸ ಅತಿ ಕಷ್ಟದ್ದು. ಹಿಂದಕ್ಕೆ ಬಂದು ಹಾಫ್ ಆಟಗಾರನಿಂದ ಚೆಂಡು ತೆಗೆದುಕೊಳ್ಳಬೇಕು, ಎದುರಾಳಿ ಮೈಮೇಲೆ ಬರುವವರೆಗೆ ಅದನ್ನು ಕಾಪಾಡಬೇಕು, ಅವನು ಬಂದ ಕ್ಷಣ ಅಂಚಿನವನಿಗೋ ನಡುವಿನವನಿಗೋ ದಾಟಿಸಬೇಕು. ಗೋಲಿನ ಹೆಸರು ಬೇರೆಯವರಿಗೆ ಹೋಗುತ್ತದೆ. ಅಹಮದ್ ಖಾನ್ ಹೊಡೆದ ಗೋಲುಗಳಿಗಿಂತ ಹೊಡೆಸಿದ ಗೋಲುಗಳಿಂದಲೇ ಕಲ್ಕತ್ತದವರಿಗೆ ಹೆಚ್ಚು ಪರಿಚಿತರು. ಚೆಂಡಿನ ಮೇಲೆ ಹಿಡಿತ, ನಿಂತಲ್ಲೇ ತಿರುಗುವುದು, ಇಕ್ಕಟ್ಟಿನಲ್ಲಿ ಜಾರಿಕೊಳ್ಳುವುದು ಅವರ ಬಂಡವಾಳ.

ಬರಿಗಾಲು ಈ ಬಗೆಯ ಆಟಕ್ಕೆ ಹೇಳಿಮಾಡಿಸಿದ್ದು. ಪಾದದ ಚರ್ಮ ನೇರವಾಗಿ ಚೆಂಡಿಗೆ ತಾಗುವುದರಿಂದ ಅದು ಎಷ್ಟು ಉರುಳುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬ ಅಂದಾಜು ಕಾಲಿಗೇ ಸಿಗುತ್ತದೆ. ಬೆರಳುಗಳಿಂದ ಚೆಂಡನ್ನು ಎಳೆದುಕೊಳ್ಳಬಹುದು. ಗಟ್ಟಿ ನೆಲದಲ್ಲಿ ಬೂಟಿನವನಿಗಿಂತ ಬೇಗ ತಿರುಗಬಹುದು. ಆದರೆ ಇದಕ್ಕೆ ಬೆಲೆಯೂ ಇತ್ತು. ಅಂದಿನ ಚೆಂಡು ದಪ್ಪ ತೊಗಲಿನದು. ಮಳೆಯಲ್ಲಿ ನೀರು ಕುಡಿದು ಭಾರವಾಗುತ್ತಿತ್ತು. ಕಲ್ಕತ್ತದ ಲೀಗ್ ನಡೆಯುವುದೇ ಮಳೆಗಾಲದಲ್ಲಿ. ಕೆಸರಾದ ಮೈದಾನದಲ್ಲಿ ಬರಿಗಾಲಿನವನು ಜಾರುತ್ತಾನೆ, ಬೂಟಿನವನು ನಿಲ್ಲುತ್ತಾನೆ. ಇಬ್ಬರೂ ಒಂದೇ ಚೆಂಡಿಗೆ ಕಾಲು ಚಾಚಿದಾಗ ಯಾರು ಕಾಲು ಹಿಂದೆಗೆಯುತ್ತಾರೆಂದು ಹೇಳಬೇಕಾಗಿಲ್ಲ. ಬ್ರಿಟಿಷ್ ಪಟಾಲಮ್ಮುಗಳು ಹೊರಟುಹೋದ ಮೇಲೆ ದೇಶದೊಳಗೆ ಈ ತೊಡಕು ಕೆಲವು ವರ್ಷ ಮರೆಯಾಗಿತ್ತು. ವಿದೇಶಿ ತಂಡಗಳ ಎದುರು ಮತ್ತೆ ಕಣ್ಣಿಗೆ ಹೊಡೆಯಿತು.

ದಿಲ್ಲಿಯ ಚಿನ್ನ, ಹೆಲ್ಸಿಂಕಿಯ ಹತ್ತು ಗೋಲು

1951ರ ಮಾರ್ಚ್‌ನಲ್ಲಿ ದಿಲ್ಲಿಯ ಏಷ್ಯನ್ ಕ್ರೀಡಾಕೂಟ. ತರಬೇತುದಾರ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ, ನಾಯಕ ಶೈಲೇನ್ ಮನ್ನಾ. ಭಾರತ ಇಂಡೊನೇಷ್ಯವನ್ನು 3–0, ಅಫ್ಘಾನಿಸ್ತಾನವನ್ನು 3–0, ಫೈನಲ್ಲಿನಲ್ಲಿ ಇರಾನನ್ನು 1–0ರಿಂದ ಸೋಲಿಸಿತು. ಫೈನಲ್ಲಿನ ಏಕೈಕ ಗೋಲು ಸಾಹು ಮೇವಾಲಾಲ್ ಅವರದು. ಅಂತರರಾಷ್ಟ್ರೀಯ ಫುಟ್‌ಬಾಲಿನಲ್ಲಿ ಭಾರತದ ಮೊದಲ ದೊಡ್ಡ ಪದಕ ಇದು.

ಮರುವರ್ಷ ಹೆಲ್ಸಿಂಕಿ. 1952ರ ಜುಲೈ 15ರಂದು ಯುಗೊಸ್ಲಾವಿಯ ವಿರುದ್ಧ ಭಾರತ 10–1ರಿಂದ ಸೋತಿತು. ಆ ಒಂದು ಗೋಲು ಅಹಮದ್ ಖಾನರದು. ಪಂದ್ಯ ಮುಗಿಯಲು ಒಂದೆರಡು ನಿಮಿಷ ಇದ್ದಾಗ ಹೊಡೆದದ್ದು. ಚಳಿಗೆ ಕಾಲು ಮರಗಟ್ಟಿದ ಬರಿಗಾಲ ಆಟಗಾರರು ಒದ್ದೆ ಹುಲ್ಲಿನ ಮೇಲೆ ನಿಲ್ಲಲಾರದೆ ಹೋದರು. ಆ ಯುಗೊಸ್ಲಾವಿಯ ತಂಡ ಸಾಮಾನ್ಯದ್ದಾಗಿರಲಿಲ್ಲ. ಕೊನೆಗೆ ಪುಷ್ಕಾಸ್ ಅವರ ಹಂಗೇರಿಗೆ ಫೈನಲ್ಲಿನಲ್ಲಿ ಮಾತ್ರ ಸೋತು ಬೆಳ್ಳಿ ಪದಕ ಪಡೆಯಿತು. ಆದರೂ ಹತ್ತು ಗೋಲು ಹತ್ತೇ. ಅದಾದ ಮೇಲೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಬೂಟು ಕಡ್ಡಾಯ ಮಾಡಿತು. ಬರಿಗಾಲ ಆಟದ ಕೊನೆಯ ಒಲಿಂಪಿಕ್ ಗೋಲು ಹೊಡೆದವರು ಅಹಮದ್ ಖಾನ್ ಎಂದು ಹೇಳಿದರೆ ಅದು ಸಮಾಧಾನದ ಮಾತಾಗುತ್ತದೆ. ಅವರ ಪ್ರತಿಭೆಗೆ ಅಂಥ ಸಮಾಧಾನ ಬೇಕಿಲ್ಲ. ಬೂಟು ತೊಟ್ಟ ಮೇಲೂ ಅವರು ಏಳು ವರ್ಷ ಕಲ್ಕತ್ತದಲ್ಲಿ ಆಡಿದರು ಎಂಬುದು ಹೆಚ್ಚಿನ ಸಾಕ್ಷಿ.

ಈ ಎರಡು ಒಲಿಂಪಿಕ್ಸ್‌ಗಳ ನಡುವೆ 1950ರ ವಿಶ್ವಕಪ್ ಬರುತ್ತದೆ. ಏಷ್ಯದ ಉಳಿದ ತಂಡಗಳು ಹಿಂದೆಗೆದದ್ದರಿಂದ ಭಾರತಕ್ಕೆ ಬ್ರೆಜಿಲಿಗೆ ಹೋಗುವ ಅವಕಾಶ ತಾನಾಗಿ ಸಿಕ್ಕಿತ್ತು. ಇಟಲಿ, ಸ್ವೀಡನ್, ಪರಾಗ್ವೆ ಇದ್ದ ಗುಂಪಿನಲ್ಲಿ ಹೆಸರೂ ಸೇರಿತ್ತು. ಭಾರತ ಹೋಗಲಿಲ್ಲ. ಬರಿಗಾಲಲ್ಲಿ ಆಡಲು ಬಿಡಲಿಲ್ಲವೆಂದು ಹೋಗಲಿಲ್ಲ ಎಂಬ ಕತೆ ಬಹಳ ಪ್ರಚಾರದಲ್ಲಿದೆ. ಅದು ಸೊಗಸಾದ ಕತೆ, ಅಷ್ಟೇ. ಒಲಿಂಪಿಕ್ಸ್ ಒಂದೇ ದೊಡ್ಡದೆಂದು ಆಡಳಿತಗಾರರು ಭಾವಿಸಿದ್ದರು, ಹಡಗಿನ ದೀರ್ಘ ಪ್ರಯಾಣ ಮತ್ತು ತಯಾರಿಯ ಕೊರತೆಯೂ ಲೆಕ್ಕಕ್ಕೆ ಬಂದವು. ವಿಶ್ವಕಪ್ ಎಂದರೆ ಏನೆಂಬುದೇ ಆಗ ತಮಗೆ ಸರಿಯಾಗಿ ಗೊತ್ತಿರಲಿಲ್ಲವೆಂದು ಮನ್ನಾ ಅವರೇ ಮುಂದೆ ಹೇಳಿದ್ದುಂಟು. ಆ ಬೇಸಿಗೆಯಲ್ಲಿ ಅಹಮದ್ ಖಾನರಿಗೆ ಇಪ್ಪತ್ತಮೂರು ವರ್ಷ. ಆಟದ ಕಸುವು ಏರುವ ವಯಸ್ಸು.

1954ರ ಮನಿಲಾ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಗುಂಪಿನ ಹಂತದಲ್ಲೇ ಹೊರಬಿತ್ತು. 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ತಂಡದಲ್ಲಿ ಅಹಮದ್ ಖಾನ್ ಇರಲಿಲ್ಲ.

ಹಿಂದೆ ಬಂದವರು

ಅಹಮದ್ ಖಾನರ ದಾರಿಯಲ್ಲಿ ಬೆಂಗಳೂರಿನಿಂದ ಕಲ್ಕತ್ತಕ್ಕೆ ಹೋದವರು ಹಲವರು. ಹಾಫ್ ಬ್ಯಾಕ್ ಮರಿಯಪ್ಪ ಕೆಂಪಯ್ಯ ಮೋಹನ್ ಬಗಾನ್ ಸೇರಿ, 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಆಡಿದರು. ಅಂಚಿನ ಆಟಗಾರ ಅರುಮೈನಾಯಗಂ 1962ರಲ್ಲಿ ಜಕಾರ್ತದಲ್ಲಿ ಏಷ್ಯನ್ ಚಿನ್ನ ಗೆದ್ದ ತಂಡದಲ್ಲಿದ್ದರು. 1970ರ ದಶಕದಲ್ಲಿ ಉಲಗನಾಥನ್. ಅರ್ಧ ತಂಡವನ್ನೇ ಕಲ್ಕತ್ತಕ್ಕೆ ಕಳಿಸಿಯೂ ಮೈಸೂರು 1967–68 ಮತ್ತು 1968–69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತೆಂದರೆ ದಂಡಿನ ಗಲ್ಲಿಗಳ ಫಸಲು ಎಷ್ಟಿತ್ತೆಂದು ಊಹಿಸಬಹುದು. ಆ ವೇಳೆಗೆ ಎಚ್.ಎ.ಎಲ್., ಐ.ಟಿ.ಐ.ನಂಥ ಸರ್ಕಾರಿ ಕಾರ್ಖಾನೆಗಳು ಆಟಗಾರರಿಗೆ ಊರಲ್ಲೇ ನೌಕರಿ ಕೊಡಲು ಶುರುಮಾಡಿದ್ದವು. ಚೆಂಡಿನ ಬಲದಿಂದ ಸಂಬಳ ಹುಟ್ಟಿ, ಅದರ ಮೇಲೆ ಸಂಸಾರ ನಿಂತ ಮನೆಗಳು ಹಲಸೂರು, ಆಸ್ಟಿನ್ ಟೌನ್ ಕಡೆ ಎಷ್ಟೋ ಇವೆ. ಕಾರ್ಖಾನೆಯ ತಂಡಗಳು ಸೊರಗಿದ ಮೇಲೆ ಆ ಆಸರೆಯೂ ತೆಳುವಾಯಿತು. ರಾಜ್ಯ ಮತ್ತೆ ಸಂತೋಷ್ ಟ್ರೋಫಿ ಗೆದ್ದದ್ದು 2023ರ ಮಾರ್ಚ್‌ನಲ್ಲಿ, ಸೌದಿ ಅರೇಬಿಯದ ರಿಯಾದ್‌ನಲ್ಲಿ, ಮೇಘಾಲಯವನ್ನು 3–2ರಿಂದ ಸೋಲಿಸಿ.

ಈ ಚರಿತ್ರೆ ಕನ್ನಡದಲ್ಲಿ ದಾಖಲಾಗದೆ ಉಳಿದದ್ದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ಆಟಗಾರರು ಮನೆಯಲ್ಲಿ ಉರ್ದು, ತಮಿಳು ಆಡುವವರು. ಗೆಲುವಿನ ವರದಿಗಳು ಬಂದದ್ದು ಬಂಗಾಳಿ ಮತ್ತು ಇಂಗ್ಲಿಷ್ ಪತ್ರಿಕೆಗಳಲ್ಲಿ. ಕನ್ನಡದ ಕ್ರೀಡಾ ಬರವಣಿಗೆ ಗಟ್ಟಿಯಾದ ಹೊತ್ತಿಗೆ ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ಅವರ ಕ್ರಿಕೆಟ್ ಮನೆಮನೆಗೆ ತಲುಪಿತ್ತು. ತುಮಕೂರಿನ ಹುಡುಗನೊಬ್ಬ ರೇಡಿಯೊ ತಿರುಗಿಸಿದಾಗ ಕೇಳಿದ್ದು ಕ್ರಿಕೆಟ್ ವೀಕ್ಷಕ ವಿವರಣೆ. ಗುಬ್ಬಿ ವೀರಣ್ಣನವರಿಗೆ 1972ರಲ್ಲಿ ಪದ್ಮಶ್ರೀ ಬಂದಾಗ ಇಡೀ ನಾಡು ತನ್ನದೆಂದು ಹಿಗ್ಗಿತು. ಪಂಚಪಾಂಡವರಲ್ಲಿ ಒಬ್ಬನಾಗಿ ಹೆಸರಾದ ಬೆಂಗಳೂರಿಗನಿಗೆ ಅಂಥ ಹಿಗ್ಗು ಸಿಕ್ಕಿದ್ದು ಇನ್ನೊಂದು ರಾಜ್ಯದಲ್ಲಿ. ಅರ್ಜುನ ಪ್ರಶಸ್ತಿ ಶುರುವಾದದ್ದು 1961ರಲ್ಲಿ, ಅವರು ಈಸ್ಟ್ ಬೆಂಗಾಲ್ ಬಿಟ್ಟ ಎರಡು ವರ್ಷದ ಮೇಲೆ.

ತೊಂಬತ್ತನೇ ವಯಸ್ಸಿನಲ್ಲಿ ಅಹಮದ್ ಖಾನ್ ತೀರಿಕೊಂಡಾಗ ಬೆಂಗಳೂರಿನಲ್ಲಿ ಫುಟ್‌ಬಾಲ್ ಮತ್ತೆ ಚಿಗುರಿತ್ತು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ಮೊದಲ ಋತುವಿನಲ್ಲೇ ಐ–ಲೀಗ್ ಗೆದ್ದು, ಕಂಠೀರವ ಕ್ರೀಡಾಂಗಣದ ಗ್ಯಾಲರಿಗಳನ್ನು ತುಂಬಿಸುತ್ತಿತ್ತು. ಹಲಸೂರಿನ ಪಕ್ಕದ ಗೌತಮಪುರದಲ್ಲಿ ಬೀದಿಯ ಹುಡುಗರು ಈಗಲೂ ಚೆಂಡಾಡುತ್ತಾರೆ. ಅಲ್ಲಿ ಫುಟ್‌ಬಾಲ್ ಆಟಗಾರನ ಪ್ರತಿಮೆಯೂ ಒಂದಿದೆ: ಬ್ರೆಜಿಲಿನ ಪೆಲೆಯದು.